ನಮಸ್ಕಾರಕ್ಕೆ ಹಿಂದೆ ಸರಿದ ಲಾರಿ

ಬಸ್ಸಿನಲ್ಲಿ ದುಸಿಕ್‌ನ ತೊಡೆಯ ಮೇಲಿದ್ದ ಗಂಟು ಹುಟ್ಟಿ ಎರಡು ದಿನವಾದ ಕೂಸಿನಷ್ಟೇ ಇತ್ತು, ಕೂಸಿನ ಹಾಗೆಯೇ ಆಗಾಗ ಒದ್ದೆಯನ್ನೂ ಮಾಡುತ್ತಿತ್ತು. ಬೆಳಿಗ್ಗೆ ಹೊರಡುವಾಗ ಅತ್ತೆಯೇ ಅದನ್ನು ಹೂವಿನ ಚಿತ್ತಾರದ ಹಳೆಯ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿ, ಅವನ ಕೈಗೆ ಕೊಟ್ಟಿದ್ದರು. ಒಳಗಿದ್ದದ್ದು ಜೆಮುಸಿ ಎಂಬ ಲಾರಿಯ ಹಿಂದಿನ ಎಡ ಚಕ್ರದ ಬ್ರೇಕ್ ಸಿಲಿಂಡರ್. ಪೈಪು ಕೂರುವ ತೂತಿಗೆ ಚಿಂದಿ ತುರುಕಲು ಮರೆತಿದ್ದರಿಂದ, ಪ್ರತಿ ತಿರುವಿನಲ್ಲೂ ಒಂದೊಂದು ತೊಟ್ಟು ಎಣ್ಣೆ ಅವನ ಒಳ್ಳೆಯ ಪ್ಯಾಂಟಿಗೆ, ಅದೂ ನೋಡಿದವರು ಬೇರೇನೋ ಅಂದುಕೊಳ್ಳುವ ಜಾಗದಲ್ಲಿ, ಇಳಿಯುತ್ತಿತ್ತು. ಎದ್ದು ನಿಂತರೆ ಕಾಣುತ್ತದೆ. ಕೂತರೆ ಇನ್ನಷ್ಟು ಇಳಿಯುತ್ತದೆ. ಈಚೆಗೆ ತನ್ನ ಇಡೀ ಬದುಕೇ ಹೀಗಾಗಿದೆಯಲ್ಲ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಏಕೆಂದರೆ ಜೆಮುಸಿ ಅವನಿಗಿಂತ ಹದಿನೈದು ವರ್ಷ ದೊಡ್ಡದು, ಅದು ಎಂದೂ ತನ್ನ ಬದುಕಿನ ಬಗ್ಗೆ ಗೊಣಗಿದ್ದಿಲ್ಲ. ಯುದ್ಧ ಮುಗಿಸಿ ಹೊರಟ ಅಮೆರಿಕದ ಸೈನ್ಯ ಬಿಟ್ಟುಹೋದ ಹತ್ತು ಚಕ್ರದ ಲಾರಿ ಅದು. ಮೂತಿಯ ಮೇಲಿನ ಮೂರು ಇಂಗ್ಲಿಷ್ ಅಕ್ಷರಗಳು ಗಾಂಗ್‌ವನ್ ಬೆಟ್ಟದವರ ಬಾಯಲ್ಲಿ ಉರುಳಿ ಉರುಳಿ ಜೆಮುಸಿ ಆಗಿದ್ದವು. ಹೊಸ ಲಾರಿಗಳು ದೂರದಿಂದಲೇ ನೋಡಿ ಹಿಂತಿರುಗುವ ಕಾಡುದಾರಿಯಲ್ಲಿ ಅದು ಮರದ ದಿಮ್ಮಿ ಹೊತ್ತು, ಕೆಮ್ಮುತ್ತ, ಹತ್ತಿ ಇಳಿಯುತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಹಿಂದೆ ದುಸಿಕ್ ಮನೆಯಳಿಯನಾಗಿ ಆ ಅಂಗಳಕ್ಕೆ ಕಾಲಿಟ್ಟಾಗ ಅವನನ್ನು ನೋಡಿ ಹಲ್ಲು ಬಿಟ್ಟದ್ದು ಅದೊಂದೇ.

“ಅಳಿಯಂದ್ರೇ, ಅದನ್ನ ಯಾಕೆ ಹಾಗೆ ತೂಗ್ತಿದ್ದೀರಿ? ಮಲಗಿಸ್ತೀರಾ?” ಕಿಟಕಿಯ ಪಕ್ಕದಲ್ಲಿ ಕೂತಿದ್ದ ಅತ್ತೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಕೇಳಿದರು.

“ಇಲ್ಲ ಅತ್ತೆ. ಬಸ್ಸೇ ತೂಗ್ತಿದೆ.”

“ತಗೊಳ್ಳಿ, ಮೊಟ್ಟೆ ತಿನ್ನಿ.”

“ಬೇಡ ಅತ್ತೆ. ಹೊಟ್ಟೆ ಸರಿ ಇಲ್ಲ.”

“ಹನ್ನೊಂದು ದಿನದಿಂದ ಸರಿ ಇಲ್ಲ ನಿಮ್ಮ ಹೊಟ್ಟೆ. ಬ್ರೇಕು ಹೋಗಿದ್ದು ಲಾರೀದೋ ನಿಮ್ಮದೋ?”

ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಕಿಸಕ್ಕೆಂದಳು. ದುಸಿಕ್ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಅತ್ತೆಗೆ ಎಪ್ಪತ್ತೊಂಬತ್ತು. ನಾಲ್ಕು ವರ್ಷದಿಂದ ಊರಿನ ಸಂತೆ ಬಿಟ್ಟು ಆಚೆ ಹೋದವರಲ್ಲ. “ಸಿಯೋಲ್‌ನ ಮೇಸ್ತ್ರಿ ಏನು ಹೇಳ್ತಾನೋ ನಾನೇ ನನ್ನ ಕಿವಿಯಿಂದ ಕೇಳಬೇಕು” ಎಂದು ನಿನ್ನೆ ಹಟ ಹಿಡಿದಾಗ ಹೆಂಡತಿ ಕುಮ್‌ಸೂನ್ ಕೂಡ ಅವನ ಕಡೆ ಒಂಥರಾ ನೋಡಿದ್ದಳು. ಅವಳಿಗೆ ಗೊತ್ತಿದೆಯೆ? ಇಲ್ಲ. ಗೊತ್ತಿದ್ದರೆ ಅವಳು ನೋಡುತ್ತಿರಲಿಲ್ಲ, ಹೊಡೆಯುತ್ತಿದ್ದಳು.

ಹನ್ನೊಂದು ದಿನದ ಹಿಂದೆ ಬಿಸಿಲು ಚೆನ್ನಾಗಿತ್ತು. ಹಿಮ ಕರಗಿ ಕಾಡಿನ ಕೆಲಸ ಶುರುವಾಗುವ ಮುಂಚೆ ಪ್ರತಿ ವರ್ಷ ಮಾಡುವ ಹಾಗೆ ಜೆಮುಸಿಗೆ ಪೂಜೆ. ಲಾರಿಯ ಮೂತಿಯ ಎದುರು ಮೇಜು, ಮೇಜಿನ ಮೇಲೆ ಬೇಯಿಸಿದ ಹಂದಿಯ ತಲೆ, ಕೆಂಪು ಕಾಳು ಉದುರಿಸಿದ ಅಕ್ಕಿ ಕಡುಬು, ಬಿಳಿ ದಾರ ಸುತ್ತಿದ ಒಣಮೀನು, ಹೂಜಿ ತುಂಬ ಅಕ್ಕಿಹೆಂಡ. ಹಂದಿಯ ಮುಖ ಯಾಕೋ ಈ ಸಲ ಸೀನು ಬರುವ ಮುಂಚಿನ ಮುಖದ ಹಾಗಿತ್ತು. ಮೇಜು ಕುಂಟುತ್ತಿತ್ತು, ಗಾಳಿ ಬೀಸಿದಾಗಲೆಲ್ಲ ಹಂದಿ ಯಾರದೋ ಮಾತಿಗೆ ಹೌದು ಹೌದು ಎಂದು ತಲೆಯಾಡಿಸುತ್ತಿತ್ತು. “ಅಳಿಯಂದ್ರೇ, ಆ ಕಾಲಿಗೆ ಏನಾದ್ರೂ ಕೊಡಿ” ಎಂದರು ಅತ್ತೆ. ಏನಾದರೂ. ಆ ಅಂಗಳದಲ್ಲಿ ಎಷ್ಟೊಂದು ಏನಾದರೂಗಳಿದ್ದವು: ಚಪ್ಪಟೆ ಕಲ್ಲು, ಹೆಂಚಿನ ಚೂರು, ರಟ್ಟು, ಅವನ ಸ್ವಂತ ಟೋಪಿ. ಅವನ ಕೈ ಹೋದದ್ದು ಜೆಮುಸಿಯ ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಮರದ ತುಂಡಿಗೆ. ಒಂದು ಕಡೆ ಇಳಿಜಾರಾಗಿ ಕೆತ್ತಿದ್ದ ಆ ತುಂಡು ಮೇಜಿನ ಕಾಲಿನ ಕೆಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಹಂದಿ ತಲೆಯಾಡಿಸುವುದನ್ನು ನಿಲ್ಲಿಸಿತು. ಅವನಿಗೆ ಹೆಮ್ಮೆಯೂ ಆಗಿತ್ತು, ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ, ಯಾರಾದರೂ ಭೇಷ್ ಅನ್ನುತ್ತಾರೇನೋ ಎಂದು ಸುತ್ತ ನೋಡಿದ್ದ. ಹ್ಯಾಂಡ್ ಬ್ರೇಕು ಮಾವನ ಕಾಲದಲ್ಲೇ ಸತ್ತಿತ್ತು. ಪೂಜೆಯ ದಿನ ಲಾರಿ ಗೇರಿನಲ್ಲಿರಬಾರದು, ಅದಕ್ಕೂ ಅವತ್ತೊಂದು ದಿನ ವಿಶ್ರಾಂತಿ ಎನ್ನುವುದು ಮಾವನೇ ಮಾಡಿಟ್ಟ ನಿಯಮ. ಎಲ್ಲರೂ ಸಾಲಾಗಿ ನಿಂತು, ಮಂಡಿಯೂರಿ, ಕೈಗಳ ಮೇಲೆ ಹಣೆ ಇಟ್ಟು ನಮಸ್ಕರಿಸಿದರು. ಎರಡನೆಯ ನಮಸ್ಕಾರಕ್ಕೆ ಹಣೆ ನೆಲದಲ್ಲಿದ್ದಾಗ ಜಲ್ಲಿ ಪುರುಪುರು ಎಂದದ್ದು ಅವನಿಗೆ ಕೇಳಿಸಿತು. ಮಾವ ಗಂಟಲು ಸರಿಮಾಡಿಕೊಳ್ಳುವಾಗ ಹೀಗೇ ಸದ್ದಾಗುತ್ತಿತ್ತು. ಮಾವ ಹೋಗಿ ಆರು ವರ್ಷವಾಗಿದೆ ಎಂಬುದು ನೆನಪಾಗಿ ಅವನು ತಲೆ ಎತ್ತಿದ. ಮೇಜಿತ್ತು, ಹಂದಿಯಿತ್ತು, ಕಡುಬಿತ್ತು. ಲಾರಿ ಇರಲಿಲ್ಲ. ಅದು ದೊಡ್ಡವರ ಎದುರಿನಿಂದ ಬೆನ್ನು ತೋರಿಸದೆ ಹಿಂದೆ ಸರಿಯುವ ಹೊಸ ಸೊಸೆಯ ಹಾಗೆ, ಮುಖ ಇತ್ತಲೇ ಇಟ್ಟುಕೊಂಡು, ನಿಧಾನವಾಗಿ ಅಂಗಳದ ಇಳಿಜಾರಿನಲ್ಲಿ ಹಿಂದೆ ಹಿಂದೆ ಹೋಗುತ್ತಿತ್ತು. ಓಡಿ ಹಿಡಿಯಬಹುದಿತ್ತು. ನಮಸ್ಕಾರದ ಮಧ್ಯೆ ಏಳಬಹುದೋ ಬಾರದೋ ಎಂದು ಅವನು ಯೋಚಿಸಿದ. ಅಷ್ಟರಲ್ಲಿ ಅದು ಅತ್ತೆಯ ಗುಡಾಣದ ಕಟ್ಟೆಯ ಮೇಲೆ ಕೂತುಬಿಟ್ಟಿತ್ತು.

ಒಡೆದ ಗುಡಾಣಗಳಲ್ಲಿ ಕರಿರಸವಿತ್ತು. ಸೋಯಾ ಕಾಳು ಹುದುಗಿಸಿ ತೆಗೆಯುವ ರಸ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೆ ಹೊಸದು ಸುರಿದು ಅತ್ತೆಯ ಅತ್ತೆಯ ಅತ್ತೆಯಿಂದ ಬತ್ತದೆ ಬಂದದ್ದು. ಯುದ್ಧದಲ್ಲಿ ಊರು ಬಿಟ್ಟು ಓಡುವಾಗ ನೆಲದಲ್ಲಿ ಹೂತಿಟ್ಟು, ಮರಳಿ ಬಂದು ಅಗೆದು ತೆಗೆದದ್ದು. ಎರಡು ಸೈನ್ಯಗಳಿಗೆ ಸಿಗದ ರಸ ಒಂದು ಕುಂಟು ಮೇಜಿಗಾಗಿ ಅಂಗಳವೆಲ್ಲ ಹರಿದು ಚರಂಡಿಗೆ ಹೋಯಿತು. “ಬ್ರೇಕ್ ಹೋಯ್ತು!” ಎಂದು ಯಾರೋ ಕೂಗಿದರು. ಕೂಗಿದ್ದು ತಾನೇ ಎಂದು ದುಸಿಕ್‌ಗೆ ತಿಳಿದದ್ದು ಆಮೇಲೆ. ಗಲಾಟೆಯಲ್ಲಿ ಅವನು ಮೇಜಿನ ಕೆಳಗಿನ ತುಂಡನ್ನು ಎಳೆದು ಒಲೆಗೆ ಹಾಕಿದ. ಒಳ್ಳೆ ಗಟ್ಟಿ ಮರ, ಸುಲಭಕ್ಕೆ ಸಾಯಲಿಲ್ಲ. ಅತ್ತೆ ಎರಡು ಸಲ ಒಲೆಯ ಮುಂದೆ ಬಂದು ಕೈ ಕಾಯಿಸಿಕೊಂಡು ಹೋದರು. ಮಾರನೆಯ ದಿನ ಅವರು ತೀರ್ಪು ಕೊಟ್ಟರು: ದೊಡ್ಡ ಊರಿನ ಕಸುಬುದಾರ ನೋಡಲಿ. ಬ್ರೇಕಿನ ತಪ್ಪಾದರೆ ರಿಪೇರಿ ಮಾಡಿಸೋಣ, ಜೆಮುಸಿ ಮನೆಯಲ್ಲಿರಲಿ. ಬ್ರೇಕಿನ ತಪ್ಪಲ್ಲದಿದ್ದರೆ ಲಾರಿ ಗುಜರಿಗೆ. ದುಸಿಕ್‌ಗೆ ಇದರ ಅರ್ಥ ತಕ್ಷಣ ಹೊಳೆದಿತ್ತು. ಬ್ರೇಕಿನ ತಪ್ಪಲ್ಲದಿದ್ದರೆ ಓಡಿಸುವವನ ತಪ್ಪು. ಅಂಥವನಿಗೆ ಲಾರಿ ಯಾಕೆ? ಜೆಮುಸಿ ಇಲ್ಲದ ಆ ಮನೆಯಲ್ಲಿ ಅವನು ಏನು? ಹಸಿ ಮೆಣಸಿನಕಾಯಿ ಕುಯ್ಯುವಾಗಲೂ ಕಣ್ಣಲ್ಲಿ ನೀರು ಬರುವ, ಐವತ್ತೆರಡು ವರ್ಷದ, ಒಬ್ಬ ಅಳಿಯ.

ಬಸ್ಸು ದಾರಿಯ ತಂಗುದಾಣದಲ್ಲಿ ಹದಿನೈದು ನಿಮಿಷ ನಿಂತಿತು. ದುಸಿಕ್ ಗಂಟಿನ ಸಮೇತ ಪಾಯಿಖಾನೆಗೆ ಹೋದ. ಚಿಲಕ ಹಾಕಿ, ಗಂಟು ಬಿಚ್ಚಿ, ಸಿಲಿಂಡರಿನ ಒಳಗೆ ಬೆರಳು ಹಾಕಿ ನೋಡಿದ. ನುಣುಪು. ಕಳೆದ ವರ್ಷ ತಾನೇ ತೊಳೆದು ಹೊಸ ವಾಷರ್ ಹಾಕಿದ್ದು, ಕೆನ್ನೆಯ ಹಾಗೆ ನುಣುಪು. ಇದನ್ನು ನೋಡಿದ ಯಾವ ಮೇಸ್ತ್ರಿಯೂ ತಪ್ಪು ಹೊರಿಸಲಾರ. ಅವನ ಬಳಿ ಇದ್ದದ್ದು ಉಗುರು ಕತ್ತರಿ. ಅದರ ಮಡಿಕೆಯಲ್ಲೊಂದು ಪುಟ್ಟ ಅರ. ಅದನ್ನು ಬಿಡಿಸಿ, ಅತ್ತ ಮುಖ ತಿರುಗಿಸಿ, ಒಳಗೋಡೆಗೆ ನಾಲ್ಕು ಗೀರು ಎಳೆದ. ಕಬ್ಬಿಣ ಕೀಚ್ ಎಂದಿತು. ಪಕ್ಕದ ಕೋಣೆಯಿಂದ ಒಬ್ಬ ಮುದುಕನ ದನಿ, “ಹುಷಾರಾಗಿದ್ದೀರಾ?” ಎಂದು ಕೇಳಿತು. “ಹೂಂ, ಆಯ್ತು” ಎಂದ ದುಸಿಕ್. ಅವನ ಹಣೆಯಲ್ಲಿ ಬೆವರು. ಬಾಯಿಲ್ಲದ್ದನ್ನು ಕಟ್ಟಿಹಾಕಿ ಹೊಡೆದ ಹಾಗಾಗಿತ್ತು. ಮತ್ತೆ ಬಟ್ಟೆ ಸುತ್ತುವಾಗ ಅವನು ಅದಕ್ಕೆ ಮೆಲ್ಲಗೆ, “ತಪ್ಪಾಯ್ತು” ಎಂದ.

ಸಿಯೋಲ್‌ನ ಚಂಗ್ಗೆ ಕಾಲುವೆಯ ಪಕ್ಕದ ಓಣಿಗಳು ಇಬ್ಬರು ಎದುರಾದರೆ ಒಬ್ಬರು ಉಸಿರು ಒಳಗೆ ಎಳೆದುಕೊಳ್ಳಬೇಕಾದಷ್ಟು ಸಣ್ಣವು. ಒಬ್ಬ ತಿರುಪು ಮಾತ್ರ ಮಾಡುತ್ತಾನೆ, ಒಬ್ಬ ಸ್ಪ್ರಿಂಗು ಮಾತ್ರ, ಒಬ್ಬ ಬರೀ ತೂತು ಕೊರೆಯುತ್ತಾನೆ. ಓಣಿಯ ಒಂದು ತುದಿಯಲ್ಲಿ ಕಬ್ಬಿಣದ ತುಂಡು ಕೊಟ್ಟು ನಡೆಯುತ್ತ ಹೋದರೆ ಇನ್ನೊಂದು ತುದಿಯಲ್ಲಿ ಹಡಗು ಕೈಗೆ ಕೊಡುತ್ತಾರೆ ಎಂದು ಮಾವ ಹೇಳುತ್ತಿದ್ದರು. ತಾಕ್ ಮೇಸ್ತ್ರಿಯ ಅಂಗಡಿ ಒಂದು ಲೇತ್, ಒಂದು ಸ್ಟೂಲು, ಒಬ್ಬ ತಾಕ್ ಮೇಸ್ತ್ರಿ ಹಿಡಿಸುವಷ್ಟಿತ್ತು. ಎಪ್ಪತ್ತರ ಆಸುಪಾಸಿನ ಆತ ಸ್ಟೂಲನ್ನು ಅತ್ತೆಗೆ ಕೊಟ್ಟು, ಗಂಟು ಬಿಚ್ಚಿ, ಸಿಲಿಂಡರನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ. ದುಸಿಕ್ ಎರಡೂ ಕಣ್ಣು ಮುಚ್ಚಿದ.

“ಜೆಮುಸೀದು” ಎಂದ ಮೇಸ್ತ್ರಿ, ಹಳೆಯ ನೆಂಟರ ಹೆಸರು ಹೇಳುವ ಹಾಗೆ. “ಇನ್ನೂ ಓಡ್ತಿದೆಯೇನ್ರೀ ಇದು?”

“ಹಿಂದಕ್ಕೆ ಓಡ್ತು” ಎಂದರು ಅತ್ತೆ. “ಬ್ರೇಕು ಹೋಗಿ. ನೋಡಿ ಹೇಳಿ ಮೇಸ್ತ್ರಿ, ಬ್ರೇಕಿಂದೇ ತಪ್ಪು ತಾನೇ?”

ಆ ದನಿಯಲ್ಲಿ ಏನೋ ಇತ್ತು. ದುಸಿಕ್ ಕಣ್ಣು ತೆರೆದ. ಅತ್ತೆ ಸ್ಟೂಲಿನ ತುದಿಯಲ್ಲಿ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶ ಓದುವಾಗ ಕೂತ ಹುಡುಗಿಯ ಹಾಗೆ ಕೂತಿದ್ದರು.

“ಹಿಂದಕ್ಕೆ ಹೋದಾಗ ಬ್ರೇಕ್ ತುಳೀತಿದ್ದವರು ಯಾರು?”

“ಯಾರೂ ಇಲ್ಲ. ಎಲ್ಲರೂ ನಮಸ್ಕಾರಕ್ಕೆ ಬಗ್ಗಿದ್ವಿ.”

ಮೇಸ್ತ್ರಿ ಸಿಲಿಂಡರನ್ನು ಕೆಳಗಿಟ್ಟ. ಅತ್ತೆಯನ್ನು ನೋಡಿದ, ದುಸಿಕ್‌ನನ್ನು ನೋಡಿದ. “ಅಮ್ಮಾ, ಯಾರೂ ತುಳೀದೆ ಇದ್ರೆ ಬ್ರೇಕ್ ಏನನ್ನ ಹಿಡಿಯತ್ತೆ? ಇದು ಕಾಲಿಟ್ರೆ ಮಾತ್ರ ಕೆಲಸ ಮಾಡೋದು. ಇದರದ್ದೇನೂ ತಪ್ಪಿಲ್ಲ. ಚಿನ್ನದಂಥ ಸಿಲಿಂಡರು. ಅಲ್ಲ, ಚಿನ್ನದ ಹಾಗಿತ್ತು. ಯಾವನೋ ಬೇಕೂಫ ಇವತ್ತೇ ಒಳಗೆ ಅರ ಹಾಕಿ ಗೀಚಿದ್ದಾನೆ. ಗೀರು ಇನ್ನೂ ಹೊಳೀತಿದೆ.”

ಎಷ್ಟು ಸುಲಭವಾಗಿ ಮುಗಿದುಹೋಯಿತು! ಹನ್ನೊಂದು ದಿನ ಹೊಟ್ಟೆಯಲ್ಲಿ ಕಲ್ಲು ಹೊತ್ತು, ಕಾವು ಕೊಟ್ಟು, ಈ ಕ್ಷಣಕ್ಕಾಗಿ ಅವನು ನೂರು ಉತ್ತರ ಸಿದ್ಧಮಾಡಿಟ್ಟಿದ್ದ. ಗಾಳಿ ಸೇರಿಕೊಂಡಿತ್ತು, ಎಣ್ಣೆ ಕಡಿಮೆಯಾಗಿತ್ತು, ಚಳಿಗೆ ರಬ್ಬರು ಸೆಟೆದಿತ್ತು. ಯಾರೂ ತುಳಿಯದ ಬ್ರೇಕು ಹಿಡಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತಲ್ಲ, ಇಪ್ಪತ್ತನಾಲ್ಕು ವರ್ಷ ತುಳಿದವನು ಅವನೇ ಅಲ್ಲವೆ. ಆದರೂ ಹೊಳೆದಿರಲಿಲ್ಲ. ಈಗ ಅತ್ತೆ ತಿರುಗುತ್ತಾರೆ, ಕೇಳುತ್ತಾರೆ. ಅವನು ಪ್ಯಾಂಟಿನ ಕಲೆಯ ಮುಂದೆ ಎರಡೂ ಕೈ ಜೋಡಿಸಿ ನಿಂತ.

ಅತ್ತೆ ಅವನ ಕಡೆ ತಿರುಗಲೇ ಇಲ್ಲ. ಗೀರಿನ ಮಾತು ಅವರ ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ. “ಹಾಗಾದ್ರೆ ಸರಿ” ಎಂದರು, ಬಹಳ ಸಣ್ಣ ದನಿಯಲ್ಲಿ. “ಗುಜರಿಗೇ ಹಾಕೋಣ. ಇರಲ್ಲ ಅಂದವರನ್ನ ಇಟ್ಕೊಂಡು ಏನು ಮಾಡೋದು.”

“ಯಾರಮ್ಮಾ?” ಎಂದ ಮೇಸ್ತ್ರಿ.

“ನಮ್ಮನೆಯವರು.” ಅತ್ತೆ ಮಂಡಿಯ ಮೇಲಿನ ಬಟ್ಟೆಯನ್ನು ಮತ್ತೆ ಮತ್ತೆ ನೀವಿದರು. “ತಪ್ಪು ನನ್ನದೇ. ಸಂತೆಗೆ ತಡವಾಗಿ ಹೋದೆ. ಪೂಜೆಗೆ ಇಡೋ ನಗೋ ಮುಖದ ಹಂದಿ ತಲೆ ಎಲ್ಲ ಹೋಗಿಬಿಟ್ಟಿತ್ತು. ಹೊಸ ಅಂಗಡಿ ಹಾಕ್ತಾನಂತೆ ಯಾವನೋ, ಅದರ ಪೂಜೆಗೆ ಇದ್ದದ್ದೆಲ್ಲ ಅವನೇ ತಗೊಂಡ. ಉಳಿದಿದ್ದು ಆ ಸೊಟ್ಟ ಮುಖದ್ದು ಒಂದೇ. ರಾತ್ರಿ ಎರಡೂ ಕೆನ್ನೆಗೆ ಕಡ್ಡಿ ಸಿಕ್ಕಿಸಿಟ್ಟೆ, ಬೆಳಿಗ್ಗೆಗಾದ್ರೂ ನಗಲಿ ಅಂತ. ನಗಲಿಲ್ಲ. ಅದನ್ನೇ ಇಟ್ಟೆ. ಹಂದಿ ತಲೆ ನಗದೆ ಇದ್ರೆ ಅವರು ಮೊದಲಿಂದಲೂ ಮುಟ್ತಿರಲಿಲ್ಲ. ಚಕ್ರಕ್ಕೆ ಮರದ ತುಂಡು ಅಡ್ಡ ಇತ್ತಲ್ಲ ಮೇಸ್ತ್ರಿ, ನಮ್ಮ ಅಳಿಯಂದ್ರು ಅದನ್ನ ಒಂದು ದಿನವೂ ಮರೆತೋರಲ್ಲ. ಅಂಥಾ ತುಂಡನ್ನೂ ಹತ್ತಿ ದಾಟಿ ಹಿಂದೆ ಹೋದ್ರು ಅಂದ್ರೆ ಎಷ್ಟು ಬೇಜಾರಾಗಿರಬೇಕು. ನಾನು ನಮಸ್ಕಾರ ಮಾಡ್ತಿದ್ದೀನಿ, ಅವರು ಹೋಗ್ತಿದ್ದಾರೆ. ನನ್ನ ಗುಡಾಣಗಳ ಮೇಲೇ ಹೋಗಿ ಕೂತರು.”

ದುಸಿಕ್‌ನ ಒಳಗೆ ಏನೋ ಪುರುಪುರು ಎಂದು ಹಿಂದೆ ಜಾರಿತು. ಪ್ರತಿ ಸಂತೆಯ ದಿನ ಅತ್ತೆ ಜೆಮುಸಿಯ ಬಂಪರಿಗೆ ಒಂದು ಲೋಟ ಅಕ್ಕಿಹೆಂಡ ಸುರಿದು “ಏನ್ರೀ, ಇವತ್ತು ಮೂಲಂಗಿ ಬಲು ದುಬಾರಿ” ಎಂದು ತೀರಿಹೋದ ಗಂಡನಿಗೆ ವರದಿ ಒಪ್ಪಿಸುವುದನ್ನು ಅವನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದ. ಹನ್ನೊಂದು ದಿನದಿಂದ ಅವರು ಅದರ ಹತ್ತಿರ ಸುಳಿದಿರಲಿಲ್ಲ. ಗುಡಾಣ ಹೋದ ಸಿಟ್ಟು ಎಂದುಕೊಂಡಿದ್ದ, ಸಿಟ್ಟು ತನ್ನ ಮೇಲೆ ಎಂದುಕೊಂಡಿದ್ದ. ಜಗತ್ತಿನ ಸಿಟ್ಟೆಲ್ಲ ತನ್ನ ವಿಳಾಸಕ್ಕೇ ಬರುತ್ತದೆ ಎಂದು ಕಾದು ಕೂತವನಿಗೆ, ಪಕ್ಕದ ಕೋಣೆಯಲ್ಲಿ ಮುದುಕಿಯೊಬ್ಬಳು ಗಂಡ ತನ್ನನ್ನು ಬಿಟ್ಟುಹೋದನೆಂದು ನಿದ್ದೆಗೆಟ್ಟದ್ದು ಕಂಡಿರಲೇ ಇಲ್ಲ. ಈಗ ಬಾಯಿ ಮುಚ್ಚಿಕೊಂಡರೆ ಅವನು ಪೂರ್ತಿ ಪಾರು. ಲಾರಿ ಹೋಗುತ್ತದೆ, ಮಾನ ಉಳಿಯುತ್ತದೆ. ಅತ್ತೆಯ ಬಾಯಲ್ಲಿ ಅವನು ಎಂದೂ ಮರೆಯದ ಅಳಿಯನಾಗಿ ಉಳಿಯುತ್ತಾನೆ. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಅವನನ್ನು ಹೊಗಳಿದ್ದು ಇದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ಆ ಹೊಗಳಿಕೆಯಲ್ಲಿ ನಿಂತಿರಬೇಕು ಎಂದು ಅವನಿಗೆ ಆಸೆಯಾಯಿತು.

“ಮಾವ ಹೋಗಲಿಲ್ಲ ಅತ್ತೆ” ಎಂದ.

“ಸುಮ್ನಿರಿ. ನೀವೇನು ಕಂಡ್ರಿ.”

“ಮರದ ತುಂಡು ಇರಲಿಲ್ಲ. ನಾನೇ ತೆಗೆದೆ. ಮೇಜಿನ ಕಾಲಿಗೆ ಕೊಟ್ಟೆ. ಆಮೇಲೆ... ಆಮೇಲೆ ಒಲೆಗೆ ಹಾಕಿದೆ. ಆ ಬೇಕೂಫನೂ ನಾನೇ. ಬಸ್ಸು ನಿಂತಾಗ ಉಗುರು ಕತ್ತರೀಲಿ ಗೀಚಿದೆ.”

ಅತ್ತೆ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಕಲೆಯ ಬಳಿ ಅವರ ನೋಟ ಒಂದು ಗಳಿಗೆ ನಿಂತು ಮುಂದೆ ಹೋಯಿತು. “ಇರಲಿಲ್ವಾ?” ಎಂದರು. “ತುಂಡೇ ಇರಲಿಲ್ವಾ?”

“ಇರಲಿಲ್ಲ.”

“ಬರೀ ಇಳಿಜಾರಿಗೆ ಉರುಳಿದ್ದಾ?”

“ಬರೀ ಉರುಳಿದ್ದು ಅತ್ತೆ.”

ಅತ್ತೆಯ ಮುಖದಲ್ಲಿ ಮೊದಲು ಏನೋ ಸಡಿಲವಾಯಿತು. ಬಾಯಿಯ ಎರಡೂ ಕೊನೆ ಮೆಲ್ಲಗೆ ಮೇಲೆದ್ದವು. ಆಮೇಲೆ ಅವರು ಎದ್ದರು.

“ಲೋ ಕತ್ತೆ!” ಎಂದರು. “ಹತ್ತು ಚಕ್ರದ ಲಾರಿ ಮುಖ್ಯವೋ ನಾಲ್ಕು ಕಾಲಿನ ಮೇಜು ಮುಖ್ಯವೋ ನಿಂಗೆ? ಕಲ್ಲಿರಲಿಲ್ವಾ? ಬೆಟ್ಟದಲ್ಲಿ ಹುಟ್ಟಿದವನಿಗೆ ಒಂದು ಕಲ್ಲು ಸಿಗಲಿಲ್ವಾ? ಹನ್ನೊಂದು ದಿನ ನಾನು ಹಂದಿಗೆ ಶಾಪ ಹಾಕಿದೀನಿ, ಗೊತ್ತಾ? ಪಾಪದ ಹಂದಿ! ಒಲೆ ಮುಂದೆ ಕೂತು ಕೈ ಕಾಯಿಸ್ಕೊಂಡೆ, ಆಹಾ ಇವತ್ತು ಬೆಂಕಿ ಚೆನ್ನಾಗಿದೆ ಅಂದೆ, ನೀನು ಹೂಂ ಅಂದೆ! ಹೂಂ ಅಂದ್ಯಲ್ಲೋ!”

ತಿರುಪಿನವನು ಬಂದು ಇಣುಕಿದ, ಸ್ಪ್ರಿಂಗಿನವನು ಬಂದ, ಊಟದ ತಟ್ಟೆಗಳ ಅಟ್ಟಿಯನ್ನು ತಲೆಯ ಮೇಲೆ ಹೊತ್ತಿದ್ದ ಹೆಂಗಸು ದಾರಿ ಮರೆತು ನಿಂತಳು. “ಮಗನೇನಮ್ಮಾ?” ಎಂದು ಕೇಳಿದಳು. “ಇನ್ನೇನು ಮತ್ತೆ, ಬೀದೀಲಿ ಸಿಕ್ಕಿದ್ನಾ?” ಎಂದು ಅತ್ತೆ ಅವಳಿಗೂ ಗದರಿದರು. ದುಸಿಕ್ ತಲೆ ತಗ್ಗಿಸಿ ನಿಂತಿದ್ದ. ಇಷ್ಟು ಜನರ ಎದುರು ಅವನಿಗೆ ಎಂದೂ ಇಷ್ಟು ಅವಮಾನವಾಗಿರಲಿಲ್ಲ. ಆದರೂ ಹೊಟ್ಟೆಯಲ್ಲಿ, ಎಷ್ಟೋ ದಿನದ ಮೇಲೆ, ಹಸಿವು ಎದ್ದಿತ್ತು.

“ಬಯ್ಯೋದು ಮುಗೀತಾ ಅಮ್ಮಾ?” ಮೇಸ್ತ್ರಿ ಕಾದು ಕೇಳಿದ. “ಯಾಕಂದ್ರೆ ಈಗ ಇದು ನಿಜವಾಗ್ಲೂ ಕೆಟ್ಟಿದೆ. ಈ ಗೀರಲ್ಲಿ ಎಣ್ಣೆ ನಿಲ್ಲಲ್ಲ. ಹೊಸದು ಎಲ್ಲೂ ಸಿಗಲ್ಲ. ಒಳಗೆ ಒಂದು ನೂಲಿನಷ್ಟು ದಪ್ಪ ಕೊರೆದು ತೆಗೆದು, ಹಿತ್ತಾಳೆ ಕೊಳವೆ ಕೂರಿಸಿ, ಅದನ್ನ ಮತ್ತೆ ಹಳೇ ಅಳತೆಗೆ ತರಬೇಕು. ಸಂಜೆ ಆಗತ್ತೆ. ಇವನ ಮೊಮ್ಮಕ್ಕಳ ಕಾಲಕ್ಕೂ ಬರತ್ತೆ. ಮಾಡ್ಲಾ, ಗುಜರಿಗಾ?”

“ಮಾಡಿ” ಎಂದರು ಅತ್ತೆ. “ಗುಜರಿಗೆ ಹಾಕೋ ಮಾಲು ಇಲ್ಲಿ ನಿಂತಿದೆ. ಇದಕ್ಕೆ ಮೊದಲು ಎರಡು ಬಟ್ಟಲು ಅನ್ನ ಹಾಕಿಸ್ಕೊಂಡು ಬರ್ತೀನಿ.”

ಮಧ್ಯಾಹ್ನವಿಡೀ ಸಿಲಿಂಡರು ಓಣಿಯಲ್ಲಿ ತಿರುಗಿತು. ಕೊರೆಯುವವನ ಬಳಿ ಕಬ್ಬಿಣದ ಪುಡಿ ಬೂದಿಯ ಹಾಗೆ ಉದುರಿತು. ಹಿತ್ತಾಳೆಯ ಕೊಳವೆಯನ್ನು ಮಂಜುಗಡ್ಡೆಯಲ್ಲಿಟ್ಟು ಕುಗ್ಗಿಸಿ, ಸಿಲಿಂಡರನ್ನು ಕಾಯಿಸಿ ಹಿಗ್ಗಿಸಿ, ಒಂದರೊಳಗೆ ಒಂದನ್ನು ಇಳಿಬಿಟ್ಟಾಗ ಟಕ್ ಎಂದದ್ದನ್ನು ಕೇಳಿ ಅತ್ತೆ, “ಮದುವೆ ಆಯ್ತು” ಎಂದರು. ತಾಕ್ ಮೇಸ್ತ್ರಿ ಸಾಣೆಕಡ್ಡಿ ಹಾಕಿ ಒಳಗೋಡೆಯನ್ನು ಉಜ್ಜಿದ, ಬೆರಳಿಟ್ಟ, ಉಜ್ಜಿದ, ಕಣ್ಣು ಮುಚ್ಚಿ ಬೆರಳಿಟ್ಟ. ವಾಷರನ್ನು ಎಣ್ಣೆಯಲ್ಲಿ ಅದ್ದಿ ಪಿಸ್ಟನ್ ಎರಡನ್ನೂ ಎರಡು ಕಡೆಯಿಂದ ಕೂರಿಸಿದ. ಕೊನೆಗೆ ಬೆಂಚಿನ ಕೆಳಗಿನಿಂದ, ಯಾವುದೋ ಲಾರಿಯ ಪೆಡಲನ್ನು ಹಲಗೆಗೆ ಬಿಗಿದು ಪೈಪು ಕೂಡಿಸಿದ್ದ ಒಂದು ಯಂತ್ರ ಎಳೆದ.

“ಒಬ್ರು ತುಳೀಬೇಕು. ಒಬ್ರು ಎರಡೂ ತುದಿ ಅಂಗೈಲಿ ಅದುಮಿ ಹಿಡೀಬೇಕು. ಎಲ್ಲಾದ್ರೂ ಸೋರತ್ತಾ ಅಂತ ನಾನು ನೋಡ್ತೀನಿ.”

ದುಸಿಕ್ ಪೆಡಲಿನ ಕಡೆ ಹೊರಟ. “ನೀನು ಹಿಡಿ” ಎಂದು ಅತ್ತೆ ಅವನನ್ನು ಸರಿಸಿದರು. ಹಲಗೆಯ ಎದುರು ಸ್ಟೂಲು ಎಳೆದುಕೊಂಡು ಕೂತು, ರಬ್ಬರ್ ಚಪ್ಪಲಿಯ ಕಾಲನ್ನು ಪೆಡಲಿನ ಮೇಲಿಟ್ಟರು. ದುಸಿಕ್ ಮಗುವಿನ ಎರಡು ಕೆನ್ನೆ ಹಿಡಿದ ಹಾಗೆ ಸಿಲಿಂಡರನ್ನು ಹಿಡಿದ.

“ಮೆತ್ತಗೆ ಅಮ್ಮಾ” ಎಂದ ಮೇಸ್ತ್ರಿ.

ಅತ್ತೆ ತುಳಿದರು. ಪೈಪಿನಲ್ಲಿ ಎಣ್ಣೆ ಓಡಿತು, ಅಂಗೈಯೊಳಗೆ ಎರಡು ತಣ್ಣನೆಯ ಪಿಸ್ಟನ್ನುಗಳು ಎಚ್ಚರವಾಗಿ ಹೊರಗೆ ನೂಕಿದವು.

“ಇದು ನನ್ನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಎಲ್ಲರೂ ಹಾಡ್ತಿದ್ರೆ ನೀನು ಗೊರಕೆ ಹೊಡೆದಿದ್ದಕ್ಕೆ.”

ಮತ್ತೆ ತುಳಿದರು. “ಇದು ಕುಮ್‌ಸೂನ್ ಹೆರಿಗೇಲಿದ್ದಾಗ ಡಾಕ್ಟರ ಬದಲು ದನದ ಡಾಕ್ಟರನ್ನ ಕರ್ಕೊಂಡು ಬಂದಿದ್ದಕ್ಕೆ.”

“ಹತ್ತಿರ ಅವರೇ ಇದ್ದದ್ದು ಅತ್ತೆ...”

“ಮಾತಾಡಬೇಡ, ಹಿಡಿ.”

ಮೇಸ್ತ್ರಿ ಬಗ್ಗಿ, ಕನ್ನಡಕ ಏರಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಬಿಳಿ ಕಾಗದ ಒತ್ತಿ ತೆಗೆದ. ಒಂದು ತೊಟ್ಟೂ ಇರಲಿಲ್ಲ. “ಸಾಕಮ್ಮಾ. ಪಾಸಾಯ್ತು.”

ಅತ್ತೆ ಕಾಲು ತೆಗೆಯಲಿಲ್ಲ. ಇಡೀ ಮೈಯ ಭಾರವನ್ನು, ಅದು ಎಷ್ಟು ಮಹಾ ಇದ್ದೀತು, ಪೆಡಲಿನ ಮೇಲೆ ಬಿಟ್ಟು, ಅವನ ಅಂಗೈಗಳನ್ನೇ ನೋಡುತ್ತ, “ಇನ್ನೂ ಬಹಳ ಇದೆ” ಎಂದರು.

ದುಸಿಕ್ ಕಾಲು ಅಗಲಿಸಿ ನಿಂತು, ಎರಡೂ ಅಂಗೈ ಮತ್ತೆ ಬಿಗಿ ಮಾಡಿಕೊಂಡ.

“ತುಳೀರಿ ಅತ್ತೆ” ಎಂದ.